ಓವನ್ನಿನ ಹಿಡಿಗೆ ಕಟ್ಟಿದ ಬಟ್ಟೆ

ನಿರುಪಮಾಳಿಗೂ ಅವಳ ಮೈದುನನ ಹೆಂಡತಿ ಲಾವಣ್ಯಾಳಿಗೂ ಎಣ್ಣೆ ಸೀಗೇಕಾಯಿ ಎನ್ನುವುದು ಅಮೆರಿಕದ ಮಾನ್ಮತ್ ಜಂಕ್ಷನ್ನಿನ ಕನ್ನಡದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಇಬ್ಬರೇ, ಅವರ ಗಂಡಂದಿರು. ಅಣ್ಣ ಹರಿ, ತಮ್ಮ ಪ್ರೀತಮ್ ಇಬ್ಬರೂ ಬೆಳಿಗ್ಗೆ ಟ್ರೈನು ಹಿಡಿದು ನ್ಯೂಯಾರ್ಕಿಗೆ ಹೋದರೆ ಸಂಜೆ ಬೀದಿ ದೀಪ ಹತ್ತಿದ ಮೇಲೆ ಮನೆ ಸೇರುವವರು. ಹಗಲೆಲ್ಲ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೇನು ಗೊತ್ತು? ಊಟಕ್ಕೆ ಕೂತರೆ ಸಾರು ಬಿಸಿಯಾಗಿರುತ್ತಿತ್ತು, ಇಬ್ಬರು ಹೆಂಗಸರೂ ನಗುನಗುತ್ತ ಬಡಿಸುತ್ತಿದ್ದರು. ಗಂಡಸರಿಗೆ ಅಷ್ಟಾದರೆ ಸಾಕು.

ಹೊಸ ಶತಮಾನ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಅಮೆರಿಕ ಹೆದರಿ ನಡುಗುತ್ತಿದ್ದಾಗ ಪ್ರೀತಮ್ ಬಂದಿಳಿದಿದ್ದ. "ಒಂದೆರಡು ತಿಂಗಳು ಅಷ್ಟೇ ಅತ್ತಿಗೆ, ಆಮೇಲೆ ಅಪಾರ್ಟ್‌ಮೆಂಟ್ ನೋಡ್ಕೋತೀನಿ" ಅಂದಿದ್ದ. ಶತಮಾನ ಹುಟ್ಟಿತು, ಯಾವ ಕಂಪ್ಯೂಟರೂ ಕೆಡಲಿಲ್ಲ, ಪ್ರಾಜೆಕ್ಟಿನ ಮೇಲೆ ಪ್ರಾಜೆಕ್ಟು ಸಿಕ್ಕಿತು. ನಡುವೆ ಮೈಸೂರಿಗೆ ಹೋಗಿ ಮದುವೆ ಮಾಡಿಕೊಂಡು ಹೆಂಡತಿಯನ್ನೂ ಕರೆತಂದ. ಈಗ ಇನ್ನೊಂದು ಫಾಲ್ ಬಂದು ಡ್ರೈವ್‌ವೇ ತುಂಬ ಮೇಪಲ್ ಎಲೆ ಉದುರಿತ್ತು. ಅಪಾರ್ಟ್‌ಮೆಂಟಿನ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಒಂದು ಅಡುಗೆಮನೆ, ಇಬ್ಬರು ಓರಗಿತ್ತಿಯರು. ಲಾವಣ್ಯಾ ಇಂಜಿನಿಯರಿಂಗ್ ಓದಿದವಳು, ಆದರೆ ಡಿಪೆಂಡೆಂಟ್ ವೀಸಾದ ಮೇಲೆ ಬಂದಿದ್ದರಿಂದ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಓದಿದ ತಲೆಗೆ ಕೆಲಸವಿಲ್ಲದೆ ಅವಳು ಅಕ್ಕನ ಅಡುಗೆಮನೆಯನ್ನೇ ತಿದ್ದಲು ಹೊರಟಿದ್ದಳು. ಸಾರಿನ ಪುಡಿಯ ಡಬ್ಬಿ ಇದ್ದ ಕಡೆ ಇರುತ್ತಿರಲಿಲ್ಲ. ಹತ್ತು ವರ್ಷ ಪಳಗಿಸಿದ ಕಬ್ಬಿಣದ ಹೆಂಚನ್ನು ಡಿಶ್‌ವಾಷರಿಗೆ ಹಾಕಿ ತುಕ್ಕು ಹಿಡಿಸಿ, "ಅಯ್ಯೋ ಸಾರಿ ಅಕ್ಕ" ಅಂದಿದ್ದಳು. ನಿರುಪಮಾ ಫೋನಿನಲ್ಲಿ ಮಗಳ ಟೀಚರ ಜೊತೆ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದರೆ ಕೈಯಿಂದ ಫೋನು ತೆಗೆದುಕೊಂಡು ತಾನೇ ಮಾತು ಮುಗಿಸುತ್ತಿದ್ದಳು. ಇವೆಲ್ಲಕ್ಕೂ ನಿರುಪಮಾಳ ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಇವುಗಳಿಗಾಗಿ ಯಾರೂ ಯಾರನ್ನೂ ದ್ವೇಷಿಸುವುದಿಲ್ಲ. ದ್ವೇಷಕ್ಕೆ ಕಾರಣ ಎಂಟು ವರ್ಷದ ಮಗಳು ನಿಧಿ.

ಸ್ಕೂಲ್ ಬಸ್ಸಿನಿಂದ ಇಳಿದ ನಿಧಿ ಈಗ ಮೊದಲು ಹುಡುಕುವುದು ಚಿಕ್ಕಿಯನ್ನು. ಯಾರು ಯಾರ ಜೊತೆ ಟೂ ಬಿಟ್ಟರು, ಯಾರ ಬರ್ತ್‌ಡೇಗೆ ಯಾರನ್ನು ಕರೆದಿಲ್ಲ, ಎಲ್ಲ ಸುದ್ದಿಯೂ ಚಿಕ್ಕಿಗೆ. ಅಮ್ಮ ಕೇಳಿದರೆ "ಫೈನ್" ಎಂಬ ಒಂದೇ ಮಾತು. ಹೆತ್ತ ಮಗಳು ತನ್ನ ಕಣ್ಣೆದುರಿಗೇ ಇನ್ನೊಬ್ಬಳ ಪಾಲಾಗುತ್ತಿದ್ದಾಳೆ ಎಂಬ ಭಯ ನಿರುಪಮಾಳನ್ನು ಒಳಗೊಳಗೇ ತಿನ್ನುತ್ತಿತ್ತು. ಭಯ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಅದನ್ನು ಸಿಟ್ಟು ಮಾಡಿಕೊಂಡಿದ್ದಳು.

ಹಾಗಿರುವಾಗ ಅಕ್ಟೋಬರಿನ ಕೊನೆಗೆ ಸ್ಕೂಲಿನ ಫಾಲ್ ಪಾರ್ಟಿ ಬಂತು. ಒಂದೊಂದು ಮಗು ಒಂದೊಂದು ತಿಂಡಿ ತರಬೇಕು.

"ಈ ಸಲಾನೂ ಕೋಡುಬಳೆ ಮಾಡಿಕೊಡ್ತೀನಿ ಪುಟ್ಟಿ" ಎಂದಳು ನಿರುಪಮಾ ಉತ್ಸಾಹದಿಂದ. ಹೋದ ವರ್ಷ ನಿಧಿ ಡೋನಟ್ ಬೇಕು ಅಂದಿದ್ದಳು. ಡೋನಟ್ ಅಂದರೇನು, ಸಿಹಿ ಕೋಡುಬಳೆ ತಾನೆ ಎಂದುಕೊಂಡ ನಿರುಪಮಾ, ಉಂಗುರ ಉಂಗುರವಾಗಿ, ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಹಾಕಿ, ಇಡೀ ದಿನ ಒಲೆ ಮುಂದೆ ನಿಂತು ಕೋಡುಬಳೆ ಕರಿದು ಕಳಿಸಿದ್ದಳು. ಡಬ್ಬಿ ಖಾಲಿಯಾಗಿ ವಾಪಸು ಬಂದಿತ್ತು. "ಅಮೆರಿಕನ್ ಮಕ್ಕಳು ಒಂದು ಚೂರೂ ಬಿಡದೆ ತಿಂದವಂತೆ ಕಣ್ರೀ" ಎಂದು ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಒಂದು ವರ್ಷ ಹೇಳಿಕೊಂಡಿದ್ದಳು.

"ನೋ, ಅಮ್ಮ" ಎಂದಳು ನಿಧಿ, ತಲೆ ಎತ್ತದೆ. "ಚಿಕ್ಕಿ ಈಸ್ ಮೇಕಿಂಗ್ ಪಂಪ್ಕಿನ್ ಡೋನಟ್ಸ್. ಬೇಕ್ಡ್."

ನಿರುಪಮಾಳ ಮುಖ ಕಪ್ಪಿಟ್ಟಿತು. ಲಾವಣ್ಯಾ ಸಿಂಕಿನ ಹತ್ತಿರದಿಂದಲೇ, "ಗುರುವಾರ ನಿಧಿ ಸ್ಕೂಲಿಂದ ಬಂದ್ಮೇಲೆ ಓವನ್ ಯೂಸ್ ಮಾಡ್ಲಾ ಅಕ್ಕ? ಮೊಟ್ಟೆ ಹಾಕಲ್ಲ, ಮೊಸರಲ್ಲೇ ಮಾಡ್ತೀನಿ" ಎಂದಳು.

"ಹೂಂ" ಎಂದಳು ನಿರುಪಮಾ.

ಆ ಮನೆಯ ಓವನ್ನಿನ ವಿಷಯ ಇಲ್ಲಿ ಹೇಳಲೇಬೇಕು. ಮನೆ ಮಾರಿದ ಮುದುಕ ದಂಪತಿ ಬಿಟ್ಟುಹೋದ ಹಳೇ ಗ್ಯಾಸ್ ಓವನ್ನು ಅದು. ಬಾಗಿಲಿಗೆ ಗಾಜಿಲ್ಲ. ಒಳಗೆ ಒಂದು ಸಣ್ಣ ಪೈಲಟ್ ಜ್ವಾಲೆ ಯಾವಾಗಲೂ ಉರಿಯುತ್ತಿದ್ದುದರಿಂದ ಒಳಗೆಲ್ಲ ಹದವಾದ ಬಿಸುಪು. ಆ ಮನೆಯಲ್ಲಿ ಓವನ್ನಿನಲ್ಲಿ ಬೇಯಿಸುವುದು ತೀರ ಅಪರೂಪ. ಬೇಸಿಗೆಯಲ್ಲಿ ಅದು ಬಾಣಲೆಗಳ ಬೀರು. ಚಳಿ ಶುರುವಾದರೆ ದೋಸೆ ಹಿಟ್ಟು ಹುಳಿ ಬರಿಸುವ ಜಾಗ. ನಿರುಪಮಾ ಹಿಂದೊಮ್ಮೆ ಒಳಗೆ ಹಿಟ್ಟಿರುವುದನ್ನು ಮರೆತು ಕಡಲೆಕಾಯಿ ಹುರಿಯಲು ಓವನ್ ಹಚ್ಚಿ ರಾದ್ಧಾಂತ ಮಾಡಿಕೊಂಡಿದ್ದಳು. ಅಂದಿನಿಂದ ಅವಳೇ ಒಂದು ಕಟ್ಟಳೆ ಮಾಡಿದ್ದಳು. ಒಳಗೆ ಹಿಟ್ಟು ಇಟ್ಟರೆ ಓವನ್ನಿನ ಹಿಡಿಗೆ ಕೆಂಪು ಚೌಕಳಿಯ ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಹಿಟ್ಟಿದೆ, ಇಲ್ಲದಿದ್ದರೆ ಇಲ್ಲ. ನಿಧಿ ರಸ್ತೆಯ ಕೆಂಪು ದೀಪ ಕಲಿಯುವ ಮೊದಲೇ ಈ ಕೆಂಪು ಬಟ್ಟೆಯನ್ನು ಕಲಿತಿದ್ದಳು. ಲಾವಣ್ಯಾಳಿಗೂ ಬಂದ ವಾರದಲ್ಲೇ ಈ ಪಾಠ ಆಗಿತ್ತು.

ಗುರುವಾರ ನಿರುಪಮಾ, ಯಾವಾಗಲೂ ಸಂಜೆ ರುಬ್ಬುವ ಹಿಟ್ಟನ್ನು ಮಧ್ಯಾಹ್ನವೇ ರುಬ್ಬಿದಳು. ಐಸ್‌ಕ್ರೀಮಿನ ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಓವನ್ನಿನೊಳಗಿಟ್ಟು, ಹಿಡಿಗೆ ಕೆಂಪು ಬಟ್ಟೆಯನ್ನು ಬಿಗಿಯಾಗಿ ಕಟ್ಟಿದಳು. ಈಗ ಲಾವಣ್ಯಾ ತನ್ನ ಹತ್ತಿರ ಬಂದು, ಅಕ್ಕ ಹಿಟ್ಟು ತೆಗೆದಿಡಲಾ ಎಂದು ಬೇಡಬೇಕು. ನಿಧಿಯೂ ಬೇಡಬೇಕು. ತಾನು ಸ್ವಲ್ಪ ಹೊತ್ತು ಯೋಚಿಸಬೇಕು. ಆಮೇಲೆ ಬೇಕಾದರೆ ದೊಡ್ಡ ಮನಸ್ಸು ಮಾಡಿ, ಹೋಗಲಿ ತೆಗೀರಿ ಅನ್ನಬೇಕು. ಇಷ್ಟೇ ಅವಳ ಲೆಕ್ಕಾಚಾರ. ಇದನ್ನು ದೊಡ್ಡ ಪಾಪ ಎಂದು ಯಾರೂ ಹೇಳಲಾರರು, ಕೂಡುಮನೆಗಳಲ್ಲಿ ಇಂಥವು ದಿನಾ ನಡೆಯುತ್ತವೆ.

ಚಿಕ್ಕಿ ಮಗಳು ಇಬ್ಬರೂ ಬಸ್ ಸ್ಟಾಪಿನಿಂದ ಬಂದವರು ಕಾಲಿಗಂಟಿದ ಎಲೆಗಳನ್ನೂ ಒದರದೆ ನೇರ ಊಟದ ಮೇಜಿಗೆ ಹೋದರು. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಮೈದಾ, ಕಂದು ಸಕ್ಕರೆ, ಡಬ್ಬಿಯಲ್ಲಿ ಬರುವ ಕುಂಬಳಕಾಯಿ ಗೊಜ್ಜು, ಫಾರ್ಮಿನಿಂದ ತಂದ ಆಪಲ್ ಸೈಡರ್ ಎಂಬ ಸೇಬಿನ ರಸ ಹರಡಿಕೊಂಡವು. ಸೈಡರನ್ನು ಲಾವಣ್ಯಾ ಬೆಳಿಗ್ಗೆಯೇ ಕುದಿಸಿ ಕಾಲು ಭಾಗಕ್ಕೆ ಇಳಿಸಿಟ್ಟಿದ್ದಳು. ಡೋನಟ್ಟಿನ ಅಚ್ಚು ಇರಲಿಲ್ಲ. ಎರಡು ಮಫಿನ್ ಟ್ರೇಗಳ ಪ್ರತಿ ಗುಳಿಯ ನಡುವೆ ಫಾಯಿಲ್ ಸುತ್ತಿದ ಸಣ್ಣ ಕಂಬ ನಿಲ್ಲಿಸಿದರೆ ಹಿಟ್ಟು ಸುತ್ತಲೂ ಬೆಂದು ನಡುವೆ ತೂತು ಉಳಿಯುತ್ತದೆ ಎಂಬ ಉಪಾಯ ಅವಳದು. ನಿಧಿ ನಾಲಿಗೆ ಕಚ್ಚಿಕೊಂಡು ಒಂದೊಂದೇ ಕಂಬ ಸುತ್ತುತ್ತಿದ್ದಳು. ಲಾವಣ್ಯಾ ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಕುಟ್ಟಿ ಹಾಕುತ್ತಿದ್ದ ಹಾಗೆ ಮನೆಯೆಲ್ಲ ಘಮಘಮ ಎಂದಿತು.

"ಇದೇನು, ಬಿಸಿಬೇಳೆ ಬಾತಿಗೆ ಸಕ್ಕರೆ ಹಾಕ್ತಿದ್ದೀಯಾ?" ಎಂದಳು ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದ ನಿರುಪಮಾ.

"ಇಲ್ಲಿ ಇದಕ್ಕೆ ಪಂಪ್ಕಿನ್ ಸ್ಪೈಸ್ ಅಂತಾರೆ ಅಕ್ಕ" ಎಂದಳು ಲಾವಣ್ಯಾ, ಪಾಠ ಹೇಳುವವಳ ಹಾಗೆ. ನಿಧಿ ಕಿಸಕ್ಕನೆ ನಕ್ಕಳು.

ನಿರುಪಮಾ ಪಾತ್ರೆಯನ್ನು ಇನ್ನಷ್ಟು ಗಸಗಸ ತಿಕ್ಕಿದಳು. ನಲ್ಲಿ ಜೋರಾಗಿ ಬಿಟ್ಟಿದ್ದರಿಂದ ಅವಳಿಗೆ ತಮ್ಮ ಮಾತು ಕೇಳಿಸುವುದಿಲ್ಲ ಅಂದುಕೊಂಡರೋ, ಕೇಳಿಸಿದರೇನಂತೆ ಅಂದುಕೊಂಡರೋ, ಅವರಿಬ್ಬರ ಹರಟೆ ಮುಂದುವರಿಯಿತು.

"ಅವತ್ತು ಏನಾಯ್ತು, ಇನ್ನೊಂದ್ಸಲ ಹೇಳು" ಎಂದಳು ಲಾವಣ್ಯಾ.

ನಿಧಿ ಕುರ್ಚಿಯ ಮೇಲೆ ಮೊಣಕಾಲೂರಿ ಕೂತು ಶುರು ಮಾಡಿದಳು. ಅವಳ ಇಂಗ್ಲಿಷು ಸರಸರ ಓಡುತ್ತಿತ್ತು, ಆದರೂ ನಿರುಪಮಾಳಿಗೆ ಒಂದೊಂದು ಮಾತೂ ಅರ್ಥವಾಯಿತು. ಹೋದ ವರ್ಷ ಕ್ಲಾಸಿನ ಹುಡುಗನೊಬ್ಬ ಕೋಡುಬಳೆ ಕಚ್ಚಿದನಂತೆ. ಕಚ್ಚಿದವನೇ ಕಾರ್ಪೆಟ್ಟಿನ ಮೇಲೆ ಉಗುಳಿ, ಕಣ್ಣು ಮೂಗಲ್ಲಿ ನೀರು ಸುರಿಸಿ, ಅಳುತ್ತ ಹಾಲು ಕೇಳಿದನಂತೆ. ಆಮೇಲೆ ಯಾರೂ ಡಬ್ಬಿ ಮುಟ್ಟಲಿಲ್ಲ. ನಿಧಿ ರೀಸೆಸ್ಸಿನ ಬಿಡುವಿನಲ್ಲಿ ಒಬ್ಬಳೇ ಹೋಗಿ ಡಬ್ಬಿಯನ್ನು ಕಸದ ತೊಟ್ಟಿಗೆ ಸುರಿದು ಬಂದಳು. ಸೆಕೆಂಡ್ ಗ್ರೇಡ್ ಮುಗಿಯುವ ತನಕ ಅವಳ ಹೆಸರು ಫೈರ್ ರಿಂಗ್.

"ಅಂಡ್ ದೆನ್ ಅಮ್ಮ ಟೋಲ್ಡ್ ಎವೆರಿಬಡಿ ಅಟ್ ದ ಟೆಂಪಲ್ ದೇ ಲವ್ಡ್ ಇಟ್!" ಎಂದು ನಿಧಿ ಎರಡೂ ಕೈ ಎತ್ತಿ, ಅಮ್ಮನ ಹಾಗೆಯೇ ಕಣ್ಣರಳಿಸಿ ತೋರಿಸಿದಳು. ಲಾವಣ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈದಾ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡಳು.

ನಿರುಪಮಾಳಿಗೆ ಕಿವಿಯೆಲ್ಲ ಬಿಸಿಯಾಯಿತು. ಒಂದು ವರ್ಷದಿಂದ ತಾನು ಮೆರೆದಾಡಿದ ಡಬ್ಬಿ ಕಸದ ತೊಟ್ಟಿಯಲ್ಲಿ ಖಾಲಿಯಾಗಿತ್ತು. ಅದು ಇವರಿಬ್ಬರಿಗೂ ಗೊತ್ತಿತ್ತು, ತನಗೆ ಮಾತ್ರ ಗೊತ್ತಿರಲಿಲ್ಲ. ಮಗು ಇಡೀ ವರ್ಷ ನೊಂದಿದೆ ಎಂಬುದು ಅವಳಿಗೆ ಮೊದಲು ತೋಚಬೇಕಿತ್ತು. ತೋಚಲಿಲ್ಲ. ತೋಚಿದ್ದು ಒಂದೇ, ಇವಳೆದುರು ಮಗಳು ನನ್ನನ್ನು ಆಡಿಕೊಂಡಳು, ಇವಳು ನಕ್ಕಳು.

ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳಲು ಅಭ್ಯಾಸಬಲದಿಂದ ಓವನ್ನಿನ ಹಿಡಿಗಿದ್ದ ಬಟ್ಟೆಯನ್ನು ಬಿಚ್ಚಿದಳು. ಬಿಚ್ಚುವಾಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇದನ್ನು ನಂಬಬಹುದು. ಕೈ ಒರೆಸಿ ಮತ್ತೆ ಕಟ್ಟಲು ಬಗ್ಗಿದವಳು ಹಾಗೇ ನಿಂತಳು. ಮೇಜಿನ ಹತ್ತಿರ ಇಬ್ಬರೂ ಬೆನ್ನು ತಿರುಗಿಸಿ ಟ್ರೇಗೆ ಹಿಟ್ಟು ತುಂಬುತ್ತಿದ್ದರು. ನಗು ಇನ್ನೂ ನಿಂತಿರಲಿಲ್ಲ. ನಿರುಪಮಾ ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡು ಮಹಡಿಯ ಮೆಟ್ಟಿಲು ಹತ್ತಿದಳು.

ಅರ್ಧ ಹತ್ತಿದ್ದಾಗ ಕೆಳಗೆ ಓವನ್ನಿನ ತಿರುಪು ಟಕ್ ಎಂದಿತು. ಭುಸ್ ಎಂದು ಉರಿ ಹೊತ್ತಿಕೊಂಡ ಸದ್ದೂ ಕೇಳಿತು. ಒಂದು ಕೂಗು ಹಾಕಿದ್ದರೆ ಮುಗಿದುಹೋಗುತ್ತಿತ್ತು. ನಿರುಪಮಾ ಕೂಗಲಿಲ್ಲ. ಕೋಣೆಗೆ ಹೋಗಿ ಮಂಚದ ಮೇಲೆ ಕೂತು, ಒಗೆದ ಬಟ್ಟೆಯ ರಾಶಿಯಿಂದ ಗಂಡನ ಒಂದೊಂದೇ ಕಾಲುಚೀಲ ಜೋಡಿ ಮಾಡತೊಡಗಿದಳು. ನನ್ನ ಹಿಟ್ಟು, ಹಾಳಾದರೆ ನನ್ನದು ತಾನೆ ಹಾಳಾಗುವುದು, ಇವರಿಗೇನು, ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಎಷ್ಟು ಓದಿದ್ದರೇನು, ಹಚ್ಚುವ ಮೊದಲು ಬಾಗಿಲು ತೆಗೆದು ನೋಡುವಷ್ಟು ಬುದ್ಧಿ ಇಲ್ಲ. ಸಂಜೆ ಹರಿ ಬರಲಿ, ಪ್ರೀತಮ್ ಬರಲಿ, ಎಲ್ಲರೆದುರು ಹೇಳುತ್ತೇನೆ.

ಮೊದಲು ಬಂದದ್ದು ಇಡ್ಲಿ ಬೇಯುವಂಥ ಹಿತವಾದ ಹುಳಿವಾಸನೆ. ಅದರ ಹಿಂದೆಯೇ ಪ್ಲಾಸ್ಟಿಕ್ ಸುಟ್ಟ ಕಮಟು ಬಂತು. ಸ್ಮೋಕ್ ಅಲಾರಮ್ಮು ಕಿವಿ ಹರಿದುಹೋಗುವಂತೆ ಬಡಿದುಕೊಂಡಿತು. ನಿಧಿಯ ಕಿರುಚಾಟ ಕೇಳಿದ ಮೇಲೆ ನಿರುಪಮಾ ದಡದಡ ಇಳಿದು ಬಂದಳು.

ಅಡುಗೆಮನೆಯಲ್ಲಿ ಮುಖ ಕಾಣದಷ್ಟು ಕರಿ ಹೊಗೆ. ಲಾವಣ್ಯಾ ಓವನ್ ಆರಿಸಿ, ಬಾಗಿಲು ತೆರೆದು ಕೆಮ್ಮುತ್ತಿದ್ದಳು. ಒಳಗೆ ಡಬ್ಬ ಕರಗಿ ಕಂಬಿಗಳಿಂದ ಜೋತುಬಿದ್ದಿತ್ತು, ಹಿಟ್ಟು ಉಕ್ಕಿ ಬುಡಕ್ಕೆ ಸುರಿದು ಕರಕಲಾಗಿ ಚಟಚಟ ಎನ್ನುತ್ತಿತ್ತು. ನಿಧಿ ತುಂಬಿದ ಟ್ರೇಯನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತು ಅಳುತ್ತಿದ್ದಳು.

"ಕಣ್ಣು ಕಾಣಲ್ವೇನೇ ನಿಂಗೆ?" ಎಂದು ನಿರುಪಮಾ ಕೂಗಿದಳು. ಕಿಟಕಿಗಳನ್ನು ಧಡಾರನೆ ತೆಗೆಯುತ್ತ ಅವಳ ಬಾಯಿ ಓಡಿತು. "ಮನೆಗೆ ಬೆಂಕಿ ಹಚ್ಚೋಕೆ ಬಂದಿದ್ದೀಯಾ? ಇದೇನು ನಿಮ್ಮಪ್ಪನ ಮನೆನಾ, ಬಂದ್ಯಾ ಹಚ್ಚಿದ್ಯಾ ಅನ್ನೋಕೆ? ಮಗು ಇದೆ ಮನೇಲಿ! ಇಂಜಿನಿಯರ್ ಅಂತೆ ಇಂಜಿನಿಯರ್, ಒಂದು ಓವನ್ ಬಾಗಿಲು ತೆಗ್ದು ನೋಡೋಕೆ ಬರಲ್ಲ!"

"ಬಟ್ಟೆ ಇರ್ಲಿಲ್ಲ ಅಕ್ಕ" ಎಂದಳು ಲಾವಣ್ಯಾ. ಅವಳ ದನಿ ನಡುಗುತ್ತಿತ್ತು.

"ಇತ್ತು! ನಾನೇ ಕಟ್ಟಿದ್ದೆ, ಈ ಕೈಯಾರೆ ಕಟ್ಟಿದ್ದೆ. ದೇವರಾಣೆ ಕಟ್ಟಿದ್ದೆ."

"ನಾನು ನೋಡೇ ಹಚ್ಚಿದ್ದು. ಹಿಡೀಲಿ ಏನೂ ಇರ್ಲಿಲ್ಲ."

"ಹಾಗಾದ್ರೆ ನಾನು ಸುಳ್ಳಿ, ಅಲ್ವಾ? ಕಟ್ಟಿದ ಬಟ್ಟೆ ಕಾಲು ಬಂದು ಓಡಿಹೋಯ್ತಾ? ನಿಧಿ, ನೀನೇ ಹೇಳು. ನಿನ್ನ ಚಿಕ್ಕಿ ಏನು ಮಾಡಿದ್ಲು ನೋಡಿದ್ಯಲ್ಲ, ಹೇಳು!"

ಅಲಾರಮ್ಮು ತಾನಾಗಿ ನಿಂತಿತು. ಹೊಗೆ ಕಿಟಕಿಯಿಂದ ಹೊರಗೆ ಹೋಗುತ್ತಿದ್ದ ಹಾಗೆ ಎಲ್ಲರ ಮುಖವೂ ಎಲ್ಲರಿಗೂ ಕಾಣತೊಡಗಿತು. ನಿಧಿಯ ಅಳು ನಿಂತಿತ್ತು. ಅವಳು ನೋಡುತ್ತಿದ್ದದ್ದು ಚಿಕ್ಕಿಯನ್ನಲ್ಲ, ಓವನ್ನನ್ನೂ ಅಲ್ಲ.

"ಅಮ್ಮ," ಎಂದಳು ಮೆಲ್ಲಗೆ, "ಇಟ್ಸ್ ಆನ್ ಯುವರ್ ಶೋಲ್ಡರ್."

ನಿರುಪಮಾಳ ಕೈ ತಾನಾಗಿ ಹೆಗಲಿಗೆ ಹೋಯಿತು. ಕೆಂಪು ಚೌಕಳಿಯ ಬಟ್ಟೆ ಅಲ್ಲೇ ಇತ್ತು, ಒದ್ದೆಯಿನ್ನೂ ಆರಿರಲಿಲ್ಲ. ಕೈ ಒರೆಸಿಕೊಳ್ಳೋಕೆ ತಗೊಂಡೆ, ಮರೆತೆ, ಎಂದು ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಮಗಳ ಕಣ್ಣು ನೋಡಿದ ಮೇಲೆ ಆ ಮಾತು ಬರಲಿಲ್ಲ. ಬರದೇ ಇದ್ದದ್ದನ್ನು ಲಾವಣ್ಯಾಳೂ ನೋಡಿದಳು.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಕೆನ್ನೆಗೆ ಎರಡು ಬಿಗೀಬಹುದಿತ್ತು ಅಕ್ಕ" ಎಂದಳು ಲಾವಣ್ಯಾ. ಅವಳ ದನಿ ಈಗ ನಡುಗುತ್ತಿರಲಿಲ್ಲ. "ಇದು ಮಗೂದು. ಒಂದು ವಾರದಿಂದ ಇದನ್ನೇ ಕನವರಿಸ್ತಿದ್ಲು."

"ನೀನು ನನಗೆ ಹೇಳ್ಬೇಡ ನನ್ನ ಮಗಳ ವಿಷಯ!"

"ಹೇಳಲ್ಲ ಬಿಡಿ. ನೀವು ಯಾವತ್ತು ಅವಳನ್ನ ಕೇಳಿದ್ದೀರಿ, ಅವಳು ಹೇಳೋಕೆ?"

ಲಾವಣ್ಯಾ ಜಾಕೆಟ್ ಹಾಕಿಕೊಂಡು ನಿಧಿಗೂ ಒಂದು ತೊಡಿಸಿದಳು. ಇಬ್ಬರೂ ಒಂದೊಂದು ಟ್ರೇ ಹಿಡಿದುಕೊಂಡು ಎಲೆಗಳ ಮೇಲೆ ಚರಪರ ನಡೆಯುತ್ತ ಪಕ್ಕದ ಮನೆಯ ಅಮೆರಿಕನ್ ಮುದುಕಿಯ ಬಾಗಿಲು ತಟ್ಟಿದರು. ಮುದುಕಿ ಬಾಗಿಲು ತೆಗೆದದ್ದು, ಹೊಗೆಯ ಕಡೆ ಒಮ್ಮೆ ಕತ್ತು ಚಾಚಿ ನೋಡಿ ಇಬ್ಬರನ್ನೂ ಒಳಗೆ ಕರೆದುಕೊಂಡದ್ದು, ಎಲ್ಲವನ್ನೂ ನಿರುಪಮಾ ತೆರೆದ ಕಿಟಕಿಯಿಂದ ನೋಡಿದಳು. ಆಮೇಲೆ ಚಾಕು ತೆಗೆದುಕೊಂಡು ನೆಲಕ್ಕೆ ಕೂತು, ಓವನ್ನಿನೊಳಗೆ ತಲೆ ಹಾಕಿ, ಕರಗಿದ ಪ್ಲಾಸ್ಟಿಕ್ಕನ್ನು ಹೆರೆಯತೊಡಗಿದಳು. ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ಇಬ್ಬರೂ ವಾಪಸು ಬಂದಾಗ ಡೋನಟ್ಟುಗಳು ಕೆಂಪಗೆ ಬೆಂದು, ಬೆಣ್ಣೆಯಲ್ಲಿ ಅದ್ದಿ, ಚಕ್ಕೆ ಸಕ್ಕರೆಯಲ್ಲಿ ಹೊರಳಿ ಮಿನುಗುತ್ತಿದ್ದವು. ನಿಧಿ ಸ್ಕೂಲಿನದನ್ನು ಡಬ್ಬಿಗೆ ತುಂಬಿ, ಅಪ್ಪನಿಗೊಂದು, ಚಿಕ್ಕಪ್ಪನಿಗೊಂದು ಎತ್ತಿಟ್ಟಳು. ಕೊನೆಗೆ ಒಂದನ್ನು ತಟ್ಟೆಯಲ್ಲಿಟ್ಟು, ಕೆಳಗೊಂದು ಪೇಪರ್ ನ್ಯಾಪ್ಕಿನ್ ಮಡಿಸಿ, ಅಮ್ಮನ ಮುಂದೆ ತಂದಿಟ್ಟಳು. ನೆಂಟರಿಗೆ ಹೀಗೆ ಕೊಡಬೇಕು ಎಂದು ಅವಳಿಗೆ ಕಲಿಸಿದ್ದು ನಿರುಪಮಾಳೇ.

ನಿರುಪಮಾ ಒಂದು ತುಂಡು ಮುರಿದು ಬಾಯಿಗಿಟ್ಟಳು. ಮೆತ್ತಗಿತ್ತು, ಬೆಚ್ಚಗಿತ್ತು, ಕುಂಬಳಕಾಯಿಯ ಸಿಹಿಯ ಹಿಂದೆ ಒಣಶುಂಠಿಯ ಖಾರ ಹದವಾಗಿ ಹತ್ತಿತ್ತು. ಒಂದು ಐಬು ಸಿಕ್ಕಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ.

"ಚೆನ್ನಾಗಿದೆ ಪುಟ್ಟಿ" ಎಂದಳು.

"ಥ್ಯಾಂಕ್ ಯೂ" ಎಂದು ನಿಧಿ ಮೇಲೆ ಹೋದಳು.

ಸಂಜೆ ಗಂಡಸರು ಬಂದು, ಇದೇನು ಕಮಟು ವಾಸನೆ ಎಂದು ಮೂಗು ಮುಚ್ಚಿಕೊಂಡರು. "ಹಿಟ್ಟು ಇರೋದು ನೋಡ್ದೆ ಓವನ್ ಹಚ್ಚಿಬಿಟ್ಟೆ ಭಾವ, ನನ್ನದೇ ತಪ್ಪು" ಎಂದಳು ಲಾವಣ್ಯಾ. ನಿರುಪಮಾ ಸಾರು ಬಡಿಸುತ್ತ ಹೋದಳು. ತಟ್ಟೆಯ ಮುಂದೆ ಕೂತಿದ್ದ ನಿಧಿ ಒಮ್ಮೆ ಅಮ್ಮನ ಕಡೆ ನೋಡಿ, ಅನ್ನ ಕಲೆಸಿದಳು. ಆ ತಪ್ಪನ್ನು ಲಾವಣ್ಯಾ ತನ್ನ ಮೇಲೆ ಹಾಕಿಕೊಂಡದ್ದು ಒಳ್ಳೆಯತನದಿಂದ ಎಂದು ನಿರುಪಮಾ ಒಂದು ಕ್ಷಣವೂ ನಂಬಲಿಲ್ಲ. ತನ್ನನ್ನು ಮಗಳೆದುರು ಇನ್ನಷ್ಟು ಕೆಳಗೆ ತಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಇರಬಹುದು, ಅವಳೆಣಿಕೆ ಸರಿಯೇ ಇರಬಹುದು.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆಯೇ ಪ್ರೀತಮ್ ಬ್ರಿಡ್ಜ್‌ವಾಟರಿನಲ್ಲಿ ಅಪಾರ್ಟ್‌ಮೆಂಟ್ ಹಿಡಿದ. "ದೇವಸ್ಥಾನ ಹತ್ರ ಆಗುತ್ತೆ ಅತ್ತಿಗೆ, ಲಾವಣ್ಯಾಗೂ ಹೊತ್ತು ಹೋಗುತ್ತೆ" ಎಂದ, ಪಾಪ, ಅವನಿಗೆ ಅಷ್ಟೇ ಗೊತ್ತಿದ್ದದ್ದು. ಕಾರಿಗೆ ಸಾಮಾನು ತುಂಬುವಾಗ ನಿಧಿ ಚಿಕ್ಕಿಯ ಜಾಕೆಟ್ಟಿನಲ್ಲಿ ಮುಖ ಹುದುಗಿಸಿಕೊಂಡು ಬಿಡಲೇ ಇಲ್ಲ. ನಿರುಪಮಾ ಅರಿಶಿನ ಕುಂಕುಮ ಕೊಟ್ಟು, ತಾಂಬೂಲದ ಜೊತೆ ಒಂದು ರವಿಕೆ ಬಟ್ಟೆ ಇಟ್ಟು, "ಬರ್ತಾ ಇರಿ" ಎಂದಳು. "ಬರ್ತೀವಿ ಅಕ್ಕ" ಎಂದಳು ಲಾವಣ್ಯಾ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು.

ಕಾರು ತಿರುವು ದಾಟಿದ ಮೇಲೆ ನಿರುಪಮಾ ಅಡುಗೆಮನೆಗೆ ಬಂದು ನಿಂತಳು. ಸಾರಿನ ಪುಡಿಯ ಡಬ್ಬಿಯನ್ನು ಅದರ ಹಳೆಯ ಜಾಗಕ್ಕೆ ಇಟ್ಟಳು. ಇನ್ನು ಇದು ನನ್ನ ಮನೆ, ನನ್ನ ಮಗಳು, ಎಂದುಕೊಂಡಳು. ನಾಳೆ ಭಾನುವಾರ, ನಿಧಿಗೆ ಇಷ್ಟವಾದ ಸೆಟ್ ದೋಸೆ ಮಾಡಬೇಕು. ಉತ್ಸಾಹದಿಂದ ಅಕ್ಕಿ ಉದ್ದು ರುಬ್ಬಿ, ಈ ಸಲ ಸ್ಟೀಲಿನ ಪಾತ್ರೆಗೆ ಸುರಿದು ಓವನ್ನಿನೊಳಗಿಟ್ಟಳು. ಒಗೆದು ಇಸ್ತ್ರಿ ಮಾಡಿದ ಕೆಂಪು ಬಟ್ಟೆಯನ್ನು ಹಿಡಿಗೆ ಎರಡು ಗಂಟು ಹಾಕಿ ಕಟ್ಟಿದಳು.

ನಿಧಿ ನೀರು ಕುಡಿಯಲು ಕೆಳಗೆ ಬಂದಳು. ಲೋಟ ತುಂಬಿಕೊಂಡು ಹೋಗುತ್ತಿದ್ದವಳು ಓವನ್ನಿನ ಮುಂದೆ ನಿಂತು ಕೆಂಪು ಬಟ್ಟೆಯನ್ನು ನೋಡಿದಳು.

"ಹಿಟ್ಟು ಇಟ್ಟಿದ್ದೀನಿ ಪುಟ್ಟಿ" ಎಂದಳು ನಿರುಪಮಾ. "ಬಟ್ಟೆ ಕಟ್ಟಿದ್ದೀನಿ ನೋಡು."

ನಿಧಿ ಲೋಟವನ್ನು ಕೌಂಟರಿನ ಮೇಲಿಟ್ಟು, ಬಗ್ಗಿ, ಓವನ್ನಿನ ಬಾಗಿಲನ್ನು ಎಳೆದು ತೆರೆದು, ಒಳಗೆ ಇಣುಕಿ ನೋಡಿದಳು. ಪಾತ್ರೆ ಇತ್ತು. ಬಾಗಿಲು ಮುಚ್ಚಿ, ಲೋಟ ತೆಗೆದುಕೊಂಡು ಮೇಲೆ ಹೋದಳು.